ಹೇಳದೆ ತಡೆದ ಓಲೆ

ಓಲೆ ಬರೆದವನಿಗೂ ಅದನ್ನು ಪಡೆಯುವವನಿಗೂ ನಡುವೆ ಯಾವಾಗಲೂ ಮೂರನೆಯವನೊಬ್ಬನಿರುತ್ತಾನೆ. ಹಿಂದೆ ಅವನು ಓಲೆಕಾರ, ಆಮೇಲೆ ಅಂಚೆಯವನು, ಈಗ ಅಂತರ್ಜಾಲದ ಸೇವೆಯನ್ನು ಒದಗಿಸುವ ಕಂಪನಿ. ಈ ಮೂರನೆಯವನ ಮೇಲೆ ನಾವಿಡುವ ವಿಶ್ವಾಸವೇ ಪತ್ರವ್ಯವಹಾರದ ತಳಹದಿ. ಅವನು ಓಲೆಯನ್ನು ಮುಟ್ಟಿಸಬೇಕು, ಮುಟ್ಟಿಸಲಾಗದಿದ್ದರೆ ಮರಳಿಸಬೇಕು. ಎರಡನ್ನೂ ಮಾಡದೆ, ಒಂದು ಮಾತನ್ನೂ ಹೇಳದೆ, ನಡುದಾರಿಯಲ್ಲಿ ಅದನ್ನು ಇಲ್ಲವಾಗಿಸಿದರೆ ಏನಾಗುತ್ತದೆಂಬುದನ್ನು ಈ ಹೊತ್ತು ಸ್ವಲ್ಪ ವಿಚಾರ ಮಾಡಬೇಕೆಂದಿದ್ದೇನೆ.

ನಮ್ಮ ಕಡೆಯ ಕೇಳುಗರಿಗೆ ಇದನ್ನು ನೀರಿನ ದೃಷ್ಟಾಂತದಿಂದ ಹೇಳುವುದು ಸುಲಭ. ಘಟಪ್ರಭೆಯ ನೀರು ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಲ್ಲಿ ನಿಲ್ಲುತ್ತದೆ. ಅಲ್ಲಿಂದ ಬಿಟ್ಟದ್ದು ಗೋಕಾಕ ತಾಲೂಕಿನ ಧುಪದಾಳದ ಒಡ್ಡಿಗೆ ಬಂದು, ಎಡದಂಡೆ ಕಾಲುವೆಯಾಗಿ ಮೂಡಲಗಿಯ ಕಡೆಗೆ ಸಾಗುತ್ತದೆ. ನಡುವೆ ಎಲ್ಲಿಯೋ ಬಾಗಿಲು ಇಳಿಸಿದರೆ ಕೊನೆಯ ಹೊಲದ ರೈತ ಒಣಗಿದ ಕಾಲುವೆಯನ್ನು ಕಣ್ಣಾರೆ ಕಾಣುತ್ತಾನೆ, ಹೋಗಿ ಕೇಳುತ್ತಾನೆ, ಬೇಕಾದರೆ ಜಗಳವನ್ನೂ ಆಡುತ್ತಾನೆ. ಇ-ಮೇಲಿನ ಕಾಲುವೆಗೆ ಈ ಗುಣವಿಲ್ಲ. ಬಾರದ ಪತ್ರ ಕಣ್ಣಿಗೆ ಕಾಣುವ ವಸ್ತುವಲ್ಲ. ಬರೆದವನ ಪರದೆಯ ಮೇಲೆ ‘ಕಳುಹಿಸಲಾಗಿದೆ’ ಎಂದಿರುತ್ತದೆ. ಪಡೆಯಬೇಕಾದವನಿಗೆ ಪತ್ರವೊಂದು ಹೊರಟಿತ್ತೆಂಬುದೇ ತಿಳಿದಿರುವುದಿಲ್ಲ.

ಈ ವ್ಯವಸ್ಥೆ ನಡೆಯುವ ಬಗೆ ಹೀಗೆ. ನಾವು ಬರೆದ ಇ-ಮೇಲ್ ನೇರವಾಗಿ ಸ್ನೇಹಿತನ ಮನೆಗೆ ಹೋಗುವುದಿಲ್ಲ. ಮೊದಲು ಅದು ನಮ್ಮ ಕಡೆಯ ಸರ್ವರಿಗೆ, ಎಂದರೆ ಪತ್ರಗಳನ್ನು ವಹಿಸಿಕೊಳ್ಳುವ ಕಂಪ್ಯೂಟರಿಗೆ, ಸೇರುತ್ತದೆ. ಅದು ಆ ಕಡೆಯ ಸರ್ವರಿಗೆ ಒಪ್ಪಿಸುತ್ತದೆ. ಒಪ್ಪಿಸುವ ಈ ಕ್ರಮವನ್ನು 1982ರಲ್ಲಿ ಅಮೆರಿಕದ ಜಾನ್ ಪೋಸ್ಟೆಲ್ ಎಂಬ ವಿಜ್ಞಾನಿ ನಿಯಮರೂಪದಲ್ಲಿ ಬರೆದಿಟ್ಟರು. ಆ ನಿಯಮಾವಳಿಯನ್ನು 2008ರಲ್ಲಿ ಪರಿಷ್ಕರಿಸಿದಾಗಲೂ ಅದರ ಸಾರ ಬದಲಾಗಲಿಲ್ಲ: ಪತ್ರವನ್ನು ಒಮ್ಮೆ ‘ಸ್ವೀಕರಿಸಿದೆ’ ಎಂದ ಸರ್ವರ್ ಅದನ್ನು ಮುಟ್ಟಿಸಬೇಕು, ಇಲ್ಲವೆ ಮುಟ್ಟಿಸಲಾಗಲಿಲ್ಲವೆಂದು ಬರೆದವನಿಗೆ ವರದಿ ಮಾಡಬೇಕು. ಪತ್ರವು ಘೋರ ವಂಚನೆಯದೆಂದು ಬಲವಾದ ನಂಬಿಕೆ ಇದ್ದಾಗ ಮಾತ್ರ ಸದ್ದಿಲ್ಲದೆ ಬಿಸಾಡುವುದನ್ನು ಆಲೋಚಿಸಬಹುದೆಂಬ ವಿನಾಯಿತಿ ಅದರಲ್ಲಿದೆ. ನಮ್ಮ ಅಂಚೆ ಇಲಾಖೆಯೂ ವಿಳಾಸ ಸಿಗದ ಪತ್ರಗಳನ್ನು ಬರೆದವರಿಗೆ ಮರಳಿಸುವುದಕ್ಕಾಗಿಯೇ ಪ್ರತ್ಯೇಕ ಕಚೇರಿಗಳನ್ನು ಏರ್ಪಡಿಸಿತ್ತಷ್ಟೆ. ಎರಡರ ಹಿಂದೆಯೂ ಇರುವುದು ಒಂದೇ ಧರ್ಮ.

ಹಾಗಾದರೆ ಕಂಪನಿಗಳು ಹೊರಹೋಗುವ ಪತ್ರಗಳಿಗೆ ಸಾಣಿಗೆ ಹಿಡಿಯುವುದೇಕೆ ಎಂದು ನೀವು ಕೇಳಬಹುದು. ಅದಕ್ಕೆ ಸಕಾರಣವಿದೆ. 1978ರ ಮೇ 3ರಂದು ಅಮೆರಿಕದ ಗ್ಯಾರಿ ಥುಯರ್ಕ್ ಎಂಬ ಕಂಪ್ಯೂಟರ್ ವ್ಯಾಪಾರಿ ಸುಮಾರು 400 ಮಂದಿಗೆ ಕೇಳದ ಜಾಹೀರಾತನ್ನು ಕಳುಹಿಸಿದನು. ‘ಸ್ಪ್ಯಾಮ್’ ಎಂಬ ಪಿಡುಗಿನ ಮೊದಲ ಉದಾಹರಣೆಯೆಂದು ಅದನ್ನು ಹೇಳುತ್ತಾರೆ. ಈಗ ವೈರಸ್ ಹೊಕ್ಕ ಕಂಪ್ಯೂಟರು, ಅದರ ಯಜಮಾನ ನಿದ್ರಿಸುತ್ತಿರುವಾಗಲೇ, ಸಾವಿರಾರು ಕೊಳಕು ಪತ್ರಗಳನ್ನು ಹೊರಕ್ಕೆ ಅಟ್ಟಬಲ್ಲದು. ಆಗ ಹೊರಗಿನವರು ಆ ಕಂಪನಿಯ ವಿಳಾಸವನ್ನೇ ಕಪ್ಪುಪಟ್ಟಿಗೆ ಸೇರಿಸುತ್ತಾರೆ. ಒಬ್ಬನ ದೋಷದಿಂದ ಊರಿನವರೆಲ್ಲರ ಪತ್ರಗಳೂ ತಿರಸ್ಕೃತವಾಗುತ್ತವೆ. ಆದ್ದರಿಂದ ಸೋಸುವಿಕೆ ಬೇಡವೆಂದು ಯಾವ ವಿವೇಕಿಯೂ ಹೇಳಲಾರನು.

ಆದರೆ ಸಾಣಿಗೆಗೆ ಕಣ್ಣಿಲ್ಲ. ಅದು ಪತ್ರಗಳನ್ನು ಎಣಿಸಬಲ್ಲದು, ಅಕ್ಷರಗಳನ್ನು ಹೋಲಿಸಬಲ್ಲದು. ಆಶಯವನ್ನು ಅರಿಯುವುದರಲ್ಲಿ ಅದು ಎಡವುತ್ತದೆ. 1996ರಲ್ಲಿ ಇಂಗ್ಲೆಂಡಿನ ಸ್ಕನ್ತಾರ್ಪ್ ಎಂಬ ಊರಿನವರು ಎಓಎಲ್ ಕಂಪನಿಯಲ್ಲಿ ತಮ್ಮ ಊರ ಹೆಸರನ್ನು ಬರೆದು ಖಾತೆ ತೆರೆಯಲಾಗಲಿಲ್ಲ. ಆ ಹೆಸರಿನ ನಡುವೆ ಅಸಭ್ಯ ಪದವೊಂದರ ಅಕ್ಷರಗಳಿದ್ದುದೇ ಅದಕ್ಕೆ ಕಾರಣ. 2006ರಲ್ಲಿ ಅದೇ ಕಂಪನಿಯ ಶುಲ್ಕಯೋಜನೆಯೊಂದನ್ನು ವಿರೋಧಿಸಿದವರ ಜಾಲತಾಣದ ವಿಳಾಸವಿದ್ದ ಪತ್ರಗಳು ತಡೆಯಲ್ಪಟ್ಟವು. ಅದು ತಾಂತ್ರಿಕ ದೋಷವೆಂದು ಕಂಪನಿ ಹೇಳಿತು. ಆ ಪತ್ರಗಳು ಮರಳಿ ಬಂದುದರಿಂದಲೇ ಬರೆದವರಿಗೆ ವಿಷಯ ತಿಳಿಯಿತು, ಪ್ರಶ್ನಿಸುವುದು ಸಾಧ್ಯವಾಯಿತು ಎಂಬುದನ್ನು ಇಲ್ಲಿ ಗಮನಿಸಬೇಕು.

ನನ್ನ ಅನುಭವವನ್ನೇ ಹೇಳುವುದಾದರೆ, ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಗಳ ಸ್ನೇಹಕೂಟಕ್ಕೆಂದು ಸುಮಾರು 70 ಮಂದಿಗೆ ಒಂದೇ ಒಕ್ಕಣೆಯ ಆಮಂತ್ರಣವನ್ನು ಕಳುಹಿಸಿದ್ದೆನು. ನನ್ನ ಪತ್ರಗಳು ಆಗ ಮನೆಗೆ ತಂತಿ ಎಳೆದುಕೊಟ್ಟ ಕಂಪನಿಯ ಸರ್ವರಿನ ಮೂಲಕವೇ ಹೋಗುತ್ತಿದ್ದವು. ಕಂಪನಿಯ ಹೆಸರು ಇಲ್ಲಿ ಅಪ್ರಸ್ತುತ. ಕೆಲವು ಮುಟ್ಟಿದವು, ಹೆಚ್ಚಿನವು ಮುಟ್ಟಲಿಲ್ಲ, ಮರಳಿಯೂ ಬರಲಿಲ್ಲ. ಹುಕ್ಕೇರಿಯ ಶಿಷ್ಯನೊಬ್ಬ ತಿಂಗಳ ಮೇಲೆ ಸಿಕ್ಕಾಗ, ‘ಏನ್ರೀ ಸರ್, ನಮ್ಮನ್ನ ಮರತೇ ಬಿಟ್ರಿ’ ಎಂದನು. ಅವನು ಕೇಳಿದ್ದರಿಂದ ಹೇಳುವುದು ಸಾಧ್ಯವಾಯಿತು. ಮೂಡಲಗಿಯ ಇಬ್ಬರು ಕೇಳಲೇ ಇಲ್ಲ. ಅವರ ಮುನಿಸು ಎರಡು ವರ್ಷ ನಡೆಯಿತು. ವಿಚಾರಿಸಿದಾಗ ಕಂಪನಿಯವರು, ಒಂದೇ ಬಗೆಯ ಪತ್ರಗಳು ಮಿತಿಮೀರಿದರೆ ಯಂತ್ರ ತಾನಾಗಿ ತಡೆಯುತ್ತದೆ, ತಿಳಿಸುವ ಪದ್ಧತಿ ಇಲ್ಲ ಎಂದರು. ತಡೆದದ್ದು ಯಂತ್ರ; ಅಪವಾದ ಬಂದದ್ದು ಮನುಷ್ಯನ ಮೇಲೆ.

ಇಂಥದೇ ಪ್ರಸಂಗ ದೊಡ್ಡ ಪ್ರಮಾಣದಲ್ಲಿ ದೇಶಕ್ಕೆಲ್ಲ ಒದಗಿದುದು 2021ರ ಮಾರ್ಚ್ 8ರಂದು. ಮೋಸದ ಎಸ್‌ಎಂಎಸ್‌ಗಳನ್ನು ತಡೆಯಲೆಂದು, ಮೊದಲೇ ನೋಂದಾಯಿಸಿದ ಮಾದರಿಗೆ ಹೊಂದದ ವಾಣಿಜ್ಯ ಸಂದೇಶಗಳನ್ನು ಮೊಬೈಲ್ ಕಂಪನಿಗಳು ಸೋಸಿ ಬಿಡತೊಡಗಿದವು. ಬ್ಯಾಂಕುಗಳ ಓಟಿಪಿಗಳೂ ಕೋವಿಡ್ ಲಸಿಕೆಯ ನೋಂದಣಿಯ ಓಟಿಪಿಗಳೂ ಅದರಲ್ಲಿ ಸಿಕ್ಕಿಬಿದ್ದವು. ಮರುದಿನವೇ ಟ್ರಾಯ್ ಸಂಸ್ಥೆ ಆ ಕ್ರಮವನ್ನು ಏಳು ದಿನ ತಡೆಹಿಡಿಯಿತು. ಕಾದು ಕುಳಿತ ಕೋಟ್ಯಂತರ ಜನ ಒಟ್ಟಿಗೆ ಗದ್ದಲ ಮಾಡಿದ್ದರಿಂದ ಅದು ಬೇಗ ಬಯಲಾಯಿತು. ಒಂಟಿ ಪತ್ರಕ್ಕೆ ಆ ಭಾಗ್ಯವಿಲ್ಲ.

ಇದರ ಜೊತೆಗೆ 2012ರ ಆಗಸ್ಟ್ ತಿಂಗಳನ್ನು ಇಟ್ಟು ನೋಡಿ. ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಜನ ಬೆಂಗಳೂರನ್ನು ಬಿಟ್ಟು ರೈಲು ಹತ್ತಿದಾಗ, ಕೇಂದ್ರ ಸರಕಾರವು ರಾಶಿ ಎಸ್‌ಎಂಎಸ್‌ಗಳ ಮೇಲೆ 15 ದಿನಗಳ ನಿರ್ಬಂಧ ಹಾಕಿತು. ಐದರ ಮಿತಿಯನ್ನು ಕೆಲವೇ ದಿನಗಳಲ್ಲಿ 20ಕ್ಕೆ ಏರಿಸಿತು. ಅದು ಸರಿಯೋ ತಪ್ಪೋ ಎಂದು ಜನ ವಾದಿಸಿದರು. ವಾದಿಸಲು ಸಾಧ್ಯವಾದದ್ದು ಆಜ್ಞೆ ಬಹಿರಂಗವಾಗಿದ್ದುದರಿಂದ.

ಅಧಿಕಾರವು ಪತ್ರಕ್ಕೆ ಕೈಹಾಕುವುದನ್ನು ನಮ್ಮ ಪ್ರಜಾಪ್ರಭುತ್ವ ಎಂದೂ ಹಗುರಾಗಿ ಕಂಡಿಲ್ಲ. ಪತ್ರಗಳನ್ನು ತಡೆಹಿಡಿಯುವ ಅಧಿಕಾರವನ್ನು ಹಿಗ್ಗಿಸುವ 1986ರ ಅಂಚೆ ತಿದ್ದುಪಡಿ ಮಸೂದೆಗೆ ರಾಷ್ಟ್ರಪತಿ ಜೈಲ್ ಸಿಂಗ್ ಅಂಕಿತ ಹಾಕಲಿಲ್ಲ. ದೂರವಾಣಿ ಕದ್ದಾಲಿಕೆಯ ಆರೋಪದ ನಡುವೆ 1988ರಲ್ಲಿ ನಮ್ಮ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟರು. ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಆದೇಶವೂ ಅದರ ಪುನರ್ವಿಮರ್ಶೆಯೂ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ವಿಧಿಸಿತು. ಸರಕಾರದ ಕೈಗೆ ಇಷ್ಟು ಕಟ್ಟುಗಳನ್ನು ಬಿಗಿದ ನಾವು, ಯಾರ ಸಹಿಯೂ ಇಲ್ಲದೆ ದಿನವಿಡೀ ಕೆಲಸ ಮಾಡುವ ಯಂತ್ರದ ಕೈಯನ್ನು ಪ್ರಶ್ನಿಸದಿರುವುದು ವಿಚಿತ್ರವಲ್ಲವೆ?

ಬೇಡಿಕೆ ದೊಡ್ಡದೇನಲ್ಲ. ಯಾವ ಬಗೆಯ ಪತ್ರವನ್ನು ತಡೆಯುತ್ತೇವೆಂದು ಗ್ರಾಹಕನೊಡನೆ ಮಾಡಿಕೊಳ್ಳುವ ಕರಾರಿನಲ್ಲಿ ತಿಳಿಯುವಂತೆ ಬರೆಯಬೇಕು. ತಡೆದಾಗ ಬರೆದವನಿಗೆ ಒಂದು ಸಾಲಿನ ಸೂಚನೆ ಬರಬೇಕು. ತಪ್ಪಾಗಿ ತಡೆದಿದ್ದರೆ ದೂರನ್ನು ಕೇಳಲು ಒಬ್ಬ ಮನುಷ್ಯನಿರಬೇಕು. ಸೂಚನೆ ಬಂದರೆ ಬರೆದವನು ಬೇರೆ ದಾರಿ ಹಿಡಿಯುತ್ತಾನೆ: ಫೋನ್ ಮಾಡುತ್ತಾನೆ, ಬಸ್ಸು ಹತ್ತಿ ಹೋಗಿ ಹೇಳುತ್ತಾನೆ. ಸೂಚನೆಯೇ ಇಲ್ಲದಿದ್ದರೆ ಉತ್ತರಕ್ಕಾಗಿ ಕಾಯುತ್ತಾನೆ. ಆ ಕಡೆಯವನು ಪತ್ರಕ್ಕಾಗಿ ಕಾಯುತ್ತಾನೆ. ಇಬ್ಬರೂ ಒಬ್ಬರ ಮೇಲೊಬ್ಬರು ಬೇಸರಪಡುತ್ತಾರೆ.