ಹಳೇ ಲೆನ್ಸ್, ಹೊಸ ಕ್ಯಾಮೆರಾ, ಚೌಕಿಯ ಮಂದ ಬೆಳಕು

"ಮಿರರ್‌ಲೆಸ್ ತಗೊಂಡೆ ಕಣೋ. ಹಳೇ ಲೆನ್ಸ್‌ಗಳನ್ನೆಲ್ಲ ಮಾರಿಬಿಡ್ಲಾ?"

ಆಫೀಸಿನ ಗೆಳೆಯರಿಂದ ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪ್ರಶ್ನೆಯ ಬೆನ್ನಿಗೇ ಒಂದು ದೂರೂ ಇರುತ್ತೆ: "ಅಡಾಪ್ಟರ್ ಹಾಕಿದ್ರೆ ರಾತ್ರಿ ಹೊತ್ತು ಫೋಕಸ್ಸೇ ಆಗಲ್ವಂತೆ." ಈ 'ಅಂತೆ'ಯನ್ನು ನಂಬಿ, ವರ್ಷಗಟ್ಟಲೆ ಒಂದೊಂದಾಗಿ ಕೂಡಿಸಿದ ಲೆನ್ಸ್‌ಗಳನ್ನು ಅರ್ಧ ಬೆಲೆಗೆ ಕೊಟ್ಟು, ಅದರ ಮೇಲೆ ಎರಡು ತಿಂಗಳ ಸಂಬಳ ಸುರಿದು ಹೊಸದು ಕೊಂಡವರು ನನಗೆ ಗೊತ್ತು. ಮಾರುವ ಮೊದಲು ಸ್ವಲ್ಪ ತಡೆಯಿರಿ. ಕತ್ತಲಲ್ಲಿ ಫೋಕಸ್ ಕೈಕೊಡುವುದಕ್ಕೆ ಬಹಳಷ್ಟು ಸಲ ಕಾರಣ ಅಡಾಪ್ಟರ್ ಅಲ್ಲವೇ ಅಲ್ಲ.

ನಾನು ಇದನ್ನು ಧೈರ್ಯವಾಗಿ ಹೇಳುವುದಕ್ಕೆ ಕಾರಣ ಯಕ್ಷಗಾನ. ವಾರವಿಡೀ ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಮುಂದೆ, ಶುಕ್ರವಾರ ರಾತ್ರಿ ಪುತ್ತೂರಿನ ಬಸ್ಸು. ನನ್ನ ಸೋದರಮಾವ ತೆಂಕುತಿಟ್ಟಿನ ಬಣ್ಣದ ವೇಷಧಾರಿ. ಮೊಣಕಾಲು ನೋವು ಹೆಚ್ಚಾಗಿ, ಈ ತಿರುಗಾಟವೇ ಕೊನೆ ಎಂದುಬಿಟ್ಟಿದ್ದರು. ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮುಗಿಯಿತು, ಮತ್ತೆ ಆ ಮುಖ ಸಿಗುವುದಿಲ್ಲ. ಮಾವನ ಫೋಟೋ ಮನೆಯಲ್ಲಿ ಇಲ್ಲ ಎಂದಲ್ಲ. ಆದರೆ ಇರುವುದೆಲ್ಲ ರಂಗಸ್ಥಳದ್ದು. ಚೌಕಿಯಲ್ಲಿ ನೆಲದ ಮೇಲೆ ಕೂತು, ಕನ್ನಡಿ ಹಿಡಿದು, ಗಂಟೆಗಟ್ಟಲೆ ಚುಟ್ಟಿ ಇಡುವ ಮಾವನದ್ದು ಒಂದೂ ಇರಲಿಲ್ಲ.

ರಂಗಸ್ಥಳದಲ್ಲಿ ಈಗ ಬೆಳಕಿಗೆ ಬರ ಇಲ್ಲ. ಯಾವ ಕ್ಯಾಮೆರಾವಾದರೂ ಅಲ್ಲಿ ಫೋಕಸ್ ಮಾಡುತ್ತೆ. ಕಷ್ಟ ಇರುವುದು ಹಿಂದಿನ ಚೌಕಿಯಲ್ಲಿ. ಮೇಲೆಲ್ಲೋ ಒಂದು ಬಲ್ಬು, ಅದರ ಅರ್ಧ ಬೆಳಕನ್ನು ನೇತುಹಾಕಿದ ವೇಷಭೂಷಣಗಳೇ ನುಂಗಿರುತ್ತವೆ. ಕಪ್ಪು, ಕೆಂಪು ಬಣ್ಣ ಬಳಿದ ಮುಖ. ಫ್ಲ್ಯಾಶ್ ಹೊಡೆಯುವ ಮಾತೇ ಇಲ್ಲ, ಪಕ್ಕದಲ್ಲಿ ಕೂತವರು ರೆಪ್ಪೆಗೆ ಬಣ್ಣ ಎಳೆಯುತ್ತಿರುತ್ತಾರೆ.

ನನ್ನ ಹತ್ತಿರ ಇದ್ದದ್ದು ಕ್ಯಾನನ್ ಇಒಎಸ್ ಆರ್6, ಅದರ ಜೊತೆ ಮಿರರ್‌ಲೆಸ್‌ಗೆಂದೇ ಮಾಡಿದ 24-105 ಎಂಎಂ ಎಫ್ 4-7.1 ಲೆನ್ಸ್. ಡಿಎಸ್‌ಎಲ್‌ಆರ್ ಕಾಲದಿಂದ ಉಳಿದದ್ದು 85 ಎಂಎಂ ಎಫ್ 1.8. ಕ್ಯಾನನ್ ಇದನ್ನು ಹೊರತಂದದ್ದು 1992ರಲ್ಲಿ. ವಯಸ್ಸು ನೋಡಿದರೆ ಎಷ್ಟೋ ಓದುಗರಿಗೆ ಅಣ್ಣನೋ ಅಕ್ಕನೋ ಆಗಬೇಕು! ಇದನ್ನು ಹೊಸ ಕ್ಯಾಮೆರಾಕ್ಕೆ ಹಾಕಲು ಅಡಾಪ್ಟರ್ ಬೇಕು.

ಅಡಾಪ್ಟರ್ ಎಂದರೆ ಏನೋ ದೊಡ್ಡ ಯಂತ್ರ ಅಂದುಕೊಳ್ಳಬೇಡಿ. ಹಳೇ ಕ್ಯಾನನ್ ಡಿಎಸ್‌ಎಲ್‌ಆರ್‌ಗಳಲ್ಲಿ ಲೆನ್ಸ್ ಕೂರುವ ಜಾಗದಿಂದ ಸೆನ್ಸರ್‌ವರೆಗೆ 44 ಮಿಲಿಮೀಟರ್ ಅಂತರ, ನಡುವೆ ಕನ್ನಡಿ ಏಳಬೇಕಲ್ಲ, ಅದಕ್ಕೆ. 2018ರಲ್ಲಿ ಬಂದ ಆರ್‌ಎಫ್ ಮೌಂಟಿನಲ್ಲಿ ಕನ್ನಡಿಯೇ ಇಲ್ಲ, 20 ಮಿಲಿಮೀಟರ್ ಸಾಕು. ಉಳಿದ 24 ಮಿಲಿಮೀಟರನ್ನು ತುಂಬುವ ಟೊಳ್ಳು ಬಳೆಯೇ ಅಡಾಪ್ಟರ್. ಒಳಗೆ ಗಾಜಿಲ್ಲ, ಹಾಗಾಗಿ ಬೆಳಕು ಒಂದು ಹನಿಯೂ ಕಮ್ಮಿಯಾಗಲ್ಲ. 1987ರಲ್ಲಿ ಶುರುವಾದ ಇಎಫ್ ಲೆನ್ಸ್‌ಗಳಲ್ಲಿ ಮೋಟರ್ ಲೆನ್ಸಿನೊಳಗೇ ಇದೆ, ಕ್ಯಾಮೆರಾದಿಂದ ಹೋಗುವುದು ಬರೀ ವಿದ್ಯುತ್ ಸಂದೇಶ. ಬಳೆ ಆ ಸಂದೇಶವನ್ನು ದಾಟಿಸುತ್ತೆ, ಅಷ್ಟೆ.

ಎಲ್ಲ ಕಂಪನಿಯವರಿಗೂ ಈ ಅದೃಷ್ಟವಿಲ್ಲ. ನಿಕಾನ್‌ನ ಹಳೇ 'ಡಿ' ಲೆನ್ಸ್‌ಗಳಲ್ಲಿ ಮೋಟರ್ ಇರಲಿಲ್ಲ, ಕ್ಯಾಮೆರಾದ ಮೋಟರೇ ಒಂದು ಸ್ಕ್ರೂ ಮೂಲಕ ಲೆನ್ಸನ್ನು ತಿರುಗಿಸುತ್ತಿತ್ತು. ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಆ ಸ್ಕ್ರೂ ತಿರುಗಿಸುವ ವ್ಯವಸ್ಥೆ ಇಲ್ಲ. ಹಾಗಾಗಿ ಅವು ಕತ್ತಲಲ್ಲಿ ಇರಲಿ, ಮಟಮಟ ಮಧ್ಯಾಹ್ನವೂ ಆಟೋಫೋಕಸ್ ಆಗಲ್ಲ. ಎಎಫ್-ಎಸ್, ಎಎಫ್-ಪಿ ಲೆನ್ಸ್ ಇದ್ದರೆ ಚಿಂತೆಯಿಲ್ಲ. ಇನ್ನು ಕ್ಯಾನನ್ ಲೆನ್ಸನ್ನು ಸೋನಿಗೆ ಹಾಕಿದರೆ ಅಡಾಪ್ಟರ್ ದುಭಾಷಿಯ ಕೆಲಸವನ್ನೂ ಮಾಡಬೇಕು. ಗೆಳೆಯನೊಬ್ಬ ಅಗ್ಗಕ್ಕೆ ಸಿಕ್ಕಿತೆಂದು ಅಂಥದ್ದೊಂದು ತಂದಿದ್ದ, ಹೆಸರು ಬೇಡ. ಮದುವೆ ರಿಸೆಪ್ಶನ್ ಮಧ್ಯೆ ಲೆನ್ಸನ್ನೇ ಗುರುತಿಸದೆ ಹಟ ಹಿಡಿದು ಕೂತಿತು. 'ಅಡಾಪ್ಟರ್ ಅಂದ್ರೆ ತಲೆನೋವು' ಎಂಬ ಮಾತು ಹುಟ್ಟಿರುವುದೇ ಇಂಥ ಅನುಭವಗಳಿಂದ ಅಂತ ನನ್ನ ಗುಮಾನಿ.

ಈಗ ಕತ್ತಲ ವಿಷಯ. ಆರ್6ನ ವಿವರಪಟ್ಟಿಯಲ್ಲಿ ಮೈನಸ್ 6.5 ಇವಿ ತನಕ ಆಟೋಫೋಕಸ್ ಆಗುತ್ತೆ ಎಂದಿದೆ. ಹುಣ್ಣಿಮೆ ಬೆಳದಿಂಗಳಿಗಿಂತ ಎಷ್ಟೋ ಮಂದ ಬೆಳಕು ಅದು. ಅದರ ಜೊತೆಗಿರುವ ಷರತ್ತನ್ನೂ ಓದಿ: ಎಫ್ 1.2 ಲೆನ್ಸ್, ಮಧ್ಯದ ಬಿಂದು, ಒಂದೇ ಸಲ ಫೋಕಸ್ ಹಿಡಿಯುವ ಒನ್-ಶಾಟ್ ಕ್ರಮ. ನಮ್ಮ 24-105 ಲೆನ್ಸ್ 105ರ ತುದಿಗೆ ಹೋದಾಗ ಎಫ್ 7.1. ಅದಕ್ಕೆ ಹೋಲಿಸಿದರೆ ಎಫ್ 1.8 ಲೆನ್ಸ್ ಸುಮಾರು 15 ಪಟ್ಟು ಹೆಚ್ಚು ಬೆಳಕನ್ನು ಸೆನ್ಸರಿಗೆ ಬಿಡುತ್ತೆ. ಮಿರರ್‌ಲೆಸ್‌ನಲ್ಲಿ ಫೋಟೋ ತೆಗೆಯುವುದೂ ಫೋಕಸ್ ಹುಡುಕುವುದೂ ಅದೇ ಸೆನ್ಸರ್. ಅದಕ್ಕೆ ಕಾಣಿಸದಿದ್ದರೆ ಲೆನ್ಸ್ ಎಷ್ಟು ಹೊಸದಾದರೇನು? ಚೌಕಿಯಲ್ಲಿ ಆದದ್ದೂ ಇದೇ. ಹೊಸ ಲೆನ್ಸ್ ಅತ್ತಿಂದಿತ್ತ ತಡಕಾಡುತ್ತಿತ್ತು. ಮೂವತ್ತು ವರ್ಷ ಹಳೇ ವಿನ್ಯಾಸದ 85, ಅಡಾಪ್ಟರ್ ಮೇಲೆ ಕೂತು, ಮಾವನ ಹುಬ್ಬಿನ ಗೆರೆಯನ್ನು ಟಕ್ಕಂತ ಹಿಡಿಯಿತು.

"ಎಂತದ್ದು ಮಾರಾಯ, ಆಗ್ಲಿಂದ ಒಂದೇ ಕಡೆ ಕೂತಿದ್ದಿ?" ಅಂದರು ಮಾವ, ಕನ್ನಡಿಯಿಂದ ಕಣ್ಣು ತೆಗೆಯದೆ.

"ಮಾವ, ನೀವು ಸ್ವಲ್ಪ ಹಾಗೇ ಇರಿ. ಅಲುಗಾಡ್ಬೇಡಿ."

"ಚುಟ್ಟಿ ಇಡುವವನಿಗೆ ಅಲುಗಾಡ್ಬೇಡ ಅಂತ ಹೇಳ್ಬೇಕಾ?"

ಆ ಹೊತ್ತಿನಲ್ಲಿ ಉಪಯೋಗಕ್ಕೆ ಬಂದ ಕೆಲವು ಸಂಗತಿಗಳನ್ನು ಹೇಳುತ್ತೇನೆ. ಕಣ್ಣು ಗುರುತಿಸುವ ಆಟೋಫೋಕಸ್ ಅಡಾಪ್ಟರ್ ಜೊತೆಗೂ ಚೆನ್ನಾಗಿಯೇ ಕೆಲಸ ಮಾಡುತ್ತೆ, ಆದರೆ ಚುಟ್ಟಿ ಇಟ್ಟ ಮುಖದಲ್ಲಿ ನನ್ನ ಕ್ಯಾಮೆರಾ ಕಣ್ಣು ಯಾವುದು ಎಂದೇ ಗಲಿಬಿಲಿಗೊಂಡಿತು. ಅದನ್ನು ಆರಿಸಿ ಒಂದೇ ಬಿಂದು ಇಟ್ಟುಕೊಂಡೆ. ಆ ಬಿಂದುವನ್ನು ಕೆನ್ನೆಯ ಮೇಲಿಟ್ಟರೆ ಪ್ರಯೋಜನವಿಲ್ಲ, ಬಿಳಿ ಚುಟ್ಟಿ ಮತ್ತು ಕಪ್ಪು ಬಣ್ಣ ಸಂಧಿಸುವ ಅಂಚಿನಲ್ಲಿಡಬೇಕು. ಇನ್ನೊಂದು ಗುಟ್ಟು: ಈ ಕ್ಯಾಮೆರಾದ ಪಿಕ್ಸೆಲ್‌ಗಳು ಫೋಕಸ್‌ಗಾಗಿ ಎಡ-ಬಲವಾಗಿ ಎರಡು ಹೋಳಾಗಿರುವುದರಿಂದ ನಿಂತ ಗೆರೆಗಳು ಚೆನ್ನಾಗಿ ಕಾಣುತ್ತವೆ, ಮಲಗಿದ ಗೆರೆಗಳು ಅಷ್ಟಕ್ಕಷ್ಟೆ. ಸೀರೆಯ ಅಡ್ಡ ಅಂಚಿನ ಮೇಲೆ ಫೋಕಸ್ ನಿಲ್ಲದಿದ್ದರೆ ಕ್ಯಾಮೆರಾವನ್ನು ಸ್ವಲ್ಪ ಓರೆ ಮಾಡಿ, ಫೋಕಸ್ ಹಿಡಿದು, ಮತ್ತೆ ನೇರ ಮಾಡಿ. ಮದುವೆ ಮಂಟಪದಲ್ಲಿ ಇದು ಎಷ್ಟೋ ಸಲ ಉಳಿಸಿದೆ.

ಲೆನ್ಸ್ ತಡಕಾಟ ಶುರುಮಾಡಿದರೆ ಹತ್ತಿರದಿಂದ ಅನಂತದವರೆಗೆ ಒಂದು ತೀರ್ಥಯಾತ್ರೆ ಮುಗಿಸಿಯೇ ವಾಪಸಾಗುತ್ತೆ. ಕ್ಯಾನನ್ ಮೆನುವಿನಲ್ಲಿ 'ಲೆನ್ಸ್ ಡ್ರೈವ್ ವೆನ್ ಎಎಫ್ ಇಂಪಾಸಿಬಲ್' ಎಂಬುದನ್ನು ಆಫ್ ಮಾಡಿದರೆ ಈ ಯಾತ್ರೆ ನಿಲ್ಲುತ್ತೆ. ಆಮೇಲೆ ರಿಂಗನ್ನು ಕೈಯಲ್ಲೇ ತಿರುಗಿಸಿ ಫೋಕಸ್ ಹತ್ತಿರಕ್ಕೆ ತಂದು ಬಟನ್ ಅರ್ಧ ಒತ್ತಿದರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತೆ. ನಿಕಾನ್ ಝಡ್ ಇರುವವರು ಗಮನಿಸಿ: ನೀವಿಟ್ಟ ಅಪರ್ಚರಿನಲ್ಲೇ, ಎಫ್ 5.6ರ ತನಕ, ಅದು ಫೋಕಸ್ ಹುಡುಕುತ್ತೆ. ಎಫ್ 1.8 ಲೆನ್ಸ್ ಹಾಕಿ ಎಫ್ 5.6 ಇಟ್ಟರೆ ದೊಡ್ಡ ಕಿಟಕಿಗೆ ನೀವೇ ಪರದೆ ಎಳೆದಂತೆ. ಕ್ಯಾಮೆರಾದ ಫೋಕಸ್ ಸಹಾಯದ ದೀಪವನ್ನು ಮಾತ್ರ ಚೌಕಿಯಲ್ಲಿ ದಯವಿಟ್ಟು ಆರಿಸಿಬಿಡಿ. ಕಣ್ಣಿಗೆ ಬೆಳಕು ಬಿಟ್ಟರೆ ಬಣ್ಣ ಬಳಿಯುವ ಕೈ ನಡುಗುತ್ತೆ.

ಹಾಗಾದರೆ ಹೊಸ ಲೆನ್ಸ್ ಬೇಡವೇ ಬೇಡವಾ? ಹಾಗಲ್ಲ. ಸೋಲುವ ಜಾಗ ಇದೆ. ಡಿಎಸ್‌ಎಲ್‌ಆರ್ ಲೆನ್ಸ್‌ಗಳ ಮೋಟರ್ ಒಂದೇ ಜಿಗಿತಕ್ಕೆ ಗುರಿ ಮುಟ್ಟಲೆಂದು ಮಾಡಿದ್ದು. ಮಿರರ್‌ಲೆಸ್ ಕ್ಯಾಮೆರಾ ಕೇಳುವುದು ಕ್ಷಣಕ್ಷಣಕ್ಕೂ ಸಣ್ಣಸಣ್ಣ ತಿದ್ದುಪಡಿ, ಹೊಸ ಲೆನ್ಸ್‌ಗಳ ಸ್ಟೆಪ್ಪಿಂಗ್ ಅಥವಾ ಲೀನಿಯರ್ ಮೋಟರ್ ಅದಕ್ಕೆಂದೇ ತಯಾರಾದದ್ದು. ಕೂತ ಮಾವನಿಗೆ ಹಳೇ 85 ಧಾರಾಳ ಸಾಕು. ಅದೇ ಮಾವ ನಡುರಾತ್ರಿ ದೊಂದಿ ಹಿಡಿದವರ ಜೊತೆ ಜನರ ನಡುವಿನಿಂದ ಅಬ್ಬರಿಸುತ್ತ ಬರುವಾಗ, ದೊಂದಿಗೆ ರಾಳದ ಪುಡಿ ಎರಚಿ ಬೆಂಕಿ ಭಗ್ಗೆಂದು ಏಳುವಾಗ, ಕತ್ತಲೆ ಬೆಳಕು ಎರಡೂ ಕ್ಷಣಕ್ಕೊಮ್ಮೆ ಬದಲಾಗುತ್ತೆ. ಅಲ್ಲಿ ಹಳೇ ಲೆನ್ಸಿನ ಓಡುವ ಫೋಕಸ್ ಒಂದು ಹೆಜ್ಜೆ ಹಿಂದೆಯೇ ಉಳಿಯಿತು. ಮಾವ ಬರುವ ದಾರಿಯಲ್ಲಿ ಒಂದು ಜಾಗಕ್ಕೆ ಮೊದಲೇ ಫೋಕಸ್ ಮಾಡಿಟ್ಟು ಕಾದು ಕೂತದ್ದರಿಂದ ಎರಡು ಚಿತ್ರ ಸಿಕ್ಕಿತು. ಪುಂಡುವೇಷದ ಹುಡುಗರ ಧಿಗಿಣಕ್ಕೆ ಆ ಉಪಾಯವೂ ನಡೆಯಲ್ಲ.

ವಿಡಿಯೋ ಮಾಡುವವರಿಗಂತೂ ಹಳೇ ಮೋಟರಿನ ಕಿರಿಕಿರಿ ಸದ್ದು ಮೈಕಿಗೆ ಕೇಳುತ್ತೆ. ಅವರಿಗೆ ಹೊಸ ಲೆನ್ಸೇ ಸರಿ.

ನಿಮ್ಮದು ಯಾವ ಲೆಕ್ಕ ಅಂತ ಮನೆಯಲ್ಲೇ ನೋಡಬಹುದು. ರಾತ್ರಿ ಎಲ್ಲ ಲೈಟ್ ಆರಿಸಿ, ದೇವರ ಕೋಣೆಯ ದೀಪ ಒಂದೇ ಇಟ್ಟು, ಅದರ ಪಕ್ಕದಲ್ಲಿ ಮನೆಯವರನ್ನು ಯಾರಾದರೂ ಕೂರಿಸಿ. ಪ್ರತಿ ಸಲ ಮೊದಲು ಕ್ಯಾಮೆರಾವನ್ನು ದೂರದ ಗೋಡೆಗೆ ತಿರುಗಿಸಿ ಫೋಕಸ್ ಕೆಡಿಸಿ, ಆಮೇಲೆ ಮುಖಕ್ಕೆ ಫೋಕಸ್ ಮಾಡಿ. ಹೊಸ ಲೆನ್ಸಿನಲ್ಲಿ ಇಪ್ಪತ್ತು ಸಲ, ಅಡಾಪ್ಟರ್ ಹಾಕಿದ ಹಳೇ ಲೆನ್ಸಿನಲ್ಲಿ ಇಪ್ಪತ್ತು ಸಲ. ಎಷ್ಟು ಚಿತ್ರ ಸ್ಪಷ್ಟ ಬಂತು, ದೊಡ್ಡದು ಮಾಡಿ ಎಣಿಸಿ. ಆಮೇಲೆ ಅವರನ್ನೇ ನಿಮ್ಮ ಕಡೆಗೆ ನಡೆದು ಬರಲು ಹೇಳಿ ಇನ್ನೊಂದು ಸುತ್ತು. ಈ ಎರಡನೇ ಸುತ್ತಿನ ಸೋಲು ನಿಮ್ಮ ಕೆಲಸಕ್ಕೆ ಅಡ್ಡಿಯಾಗುತ್ತದೆಯೇ ಎಂಬುದೇ ನಿಜವಾದ ಪ್ರಶ್ನೆ.

ನನಗೆ ಅಂಥ ರಾತ್ರಿಗಳು ವರ್ಷಕ್ಕೆ ನಾಲ್ಕೈದು. ಅದಕ್ಕೆ ಎಫ್ 2.8ರ ಹೊಸ ಜೂಮ್ ಲೆನ್ಸನ್ನು ಬಾಡಿಗೆಗೆ ತರುತ್ತೇನೆ. ಶುಕ್ರವಾರ ಸಂಜೆ ತಗೊಂಡರೆ ಸೋಮವಾರ ಬೆಳಿಗ್ಗೆ ವಾಪಸ್. ಭಾನುವಾರ ಅಂಗಡಿ ಮುಚ್ಚಿರುವುದರಿಂದ ಆ ಒಂದು ದಿನದ ಬಾಡಿಗೆ ಹಿಡಿಯದವರೂ ಇದ್ದಾರೆ, ಮೊದಲೇ ಕೇಳಿ ನೋಡಿ.