ಶಾರ್ಕ್ ಮೀನಿನ ಶರೀರವೂ ಸಂತಾನವೂ

ವ್ಯವಸಾಯದ ಮಾಸಪತ್ರಿಕೆಯಲ್ಲಿ ಕಡಲಮೀನಿನ ಪ್ರಸ್ತಾಪವೇಕೆಂದು ವಾಚಕ ಮಹಾಶಯರಲ್ಲಿ ಕೆಲವರು ಕೇಳಬಹುದು. ಬೂತಾಯಿ ಮೀನಿನ ಗೊಬ್ಬರವನ್ನು ತೋಟಗಳಿಗೆ ಹಾಕಿದ ಕರಾವಳಿಯ ರೈತರಿಗೆ ಈ ಸಂಬಂಧವು ಹೊಸದಲ್ಲ. ಅದಲ್ಲದೆ ಈ ಮೀನಿನ ವೃತ್ತಾಂತದಲ್ಲಿ ಬಿತ್ತನೆಯ ಕಾಳನ್ನೇ ಕುಟ್ಟಿ ಉಂಡವನ ವೃತ್ತಾಂತವೂ ಅಡಗಿರುವುದರಿಂದ ಬರೆಯಲು ಧೈರ್ಯಗೊಂಡೆನು.

ಶಾರ್ಕಿಗೆ ತುಳುನಾಡಿನಲ್ಲಿ ತಾಟೆಯೆಂದೂ ಕೊಂಕಣಿಗರಲ್ಲಿ ಮೋರಿಯೆಂದೂ ಹೆಸರು. ಬಯಲುಸೀಮೆಯವರು ಇದನ್ನು ತಿಮಿಂಗಿಲದೊಡನೆ ಬೆರೆಸುವುದುಂಟು. ತಿಮಿಂಗಿಲವು ಗಾಳಿಯನ್ನು ಉಸಿರಾಡಿ ಮರಿಗೆ ಮೊಲೆಯುಣಿಸುವ ಪ್ರಾಣಿ. ಶಾರ್ಕಾದರೋ ಕಿವಿರುಗಳುಳ್ಳ ಮೀನೇ ಸರಿ. ಇದರಲ್ಲಿ 500ಕ್ಕೆ ಮೇಲ್ಪಟ್ಟ ಜಾತಿಗಳಿವೆ. ಗೇಣುದ್ದದವೂ ಉಂಟು, 50 ಅಡಿಗಳನ್ನು ಮೀರುವ ತಿಮಿಂಗಿಲ ಶಾರ್ಕೂ ಉಂಟು. ಈ ಮಹಾಕಾಯವು ನರಭಕ್ಷಕವಲ್ಲ. ನೀರನ್ನು ಸೋಸಿ ಅದರೊಳಗಿನ ಸೂಕ್ಷ್ಮಜೀವಿಗಳನ್ನೂ ಸಣ್ಣ ಮೀನುಗಳನ್ನೂ ತಿಂದು ಜೀವಿಸತಕ್ಕದ್ದು. ಮನುಷ್ಯನಿಗೆ ಅಪಾಯಕರವಾದ ಜಾತಿಗಳು ಬೆರಳೆಣಿಕೆಯವು ಮಾತ್ರ.

ಶಾರ್ಕಿನ ಮೈಯಲ್ಲಿ ಎಲುಬೆಂಬುದಿಲ್ಲ. ನಮ್ಮ ಕಿವಿಯ ಹಾಲೆಯಲ್ಲಿರುವಂಥ ಮೃದ್ವಸ್ಥಿಯಿಂದಲೇ ಅದರ ಹಂದರವೆಲ್ಲ ಆಗಿದೆ. ಚರ್ಮದ ಮೇಲೆ ಹಲ್ಲಿನ ರಚನೆಯುಳ್ಳ ಸಣ್ಣ ಮುಳ್ಳುಗಳು ಬಾಲದ ಕಡೆಗೆ ವಾಲಿಕೊಂಡಿರುವುವು. ಆದಕಾರಣ ತಲೆಯಿಂದ ಬಾಲಕ್ಕೆ ಕೈಯಾಡಿಸಿದರೆ ನುಣುಪು, ಬಾಲದಿಂದ ತಲೆಗೆ ಆಡಿಸಿದರೆ ಅರದಂತೆ ಒರಟು. ಹಿಂದೆ ಬಡಗಿಗಳು ಮರವನ್ನು ನಯಗೊಳಿಸಲು ಈ ಚರ್ಮವನ್ನು ಉಪಯೋಗಿಸುತ್ತಿದ್ದರು. ಬಾಯಿಯ ಹಲ್ಲುಗಳು ಸಾಲುಸಾಲಾಗಿದ್ದು, ಮುಂದಿನದು ಬಿದ್ದಂತೆ ಹಿಂದಿನದು ಮುಂದಕ್ಕೆ ಬರುತ್ತದೆ. ಮೂತಿಯ ಮೇಲಣ ಸಣ್ಣ ರಂಧ್ರಗಳ ವಿಷಯವು ಇನ್ನೂ ಸೋಜಿಗದ್ದು. 1678ರಲ್ಲಿ ಇಟಲಿಯ ಲೊರೆಂಝಿನಿ ಎಂಬಾತನು ಇವನ್ನು ವರ್ಣಿಸಿದನಾದರೂ ಪ್ರಯೋಜನವು ಇಪ್ಪತ್ತನೆಯ ಶತಮಾನದಲ್ಲಿ ತಿಳಿಯಿತು: ಮರಳಿನಲ್ಲಿ ಹುದುಗಿರುವ ಮೀನಿನ ಮೈಯಿಂದ ಹೊರಡುವ ಅತ್ಯಲ್ಪ ವಿದ್ಯುತ್ತನ್ನೂ ಶಾರ್ಕು ಇವುಗಳಿಂದ ಅರಿಯಬಲ್ಲದು.

ಕೃಷಿಕರಿಗೆ ಹಿಡಿಸುವ ಸಂಗತಿಯೊಂದನ್ನು ಹೇಳುವೆನು. ಕಡಲಿನ ಉಪ್ಪುನೀರು ಪ್ರಾಣಿಯ ಮೈಯಿಂದ ನೀರನ್ನು ಎಳೆದುಕೊಳ್ಳಲು ಹವಣಿಸುತ್ತದೆ. ಇದನ್ನು ತಡೆಯಲು ಶಾರ್ಕು ತನ್ನ ರಕ್ತಮಾಂಸಗಳಲ್ಲಿ ಯೂರಿಯಾವನ್ನು ಶೇಖರಿಸಿಟ್ಟುಕೊಳ್ಳುತ್ತದೆ. ಹೌದು, ನಾವು ಗದ್ದೆಗೆ ಎರಚುವ ಯೂರಿಯಾ ಯಾವುದೋ ಅದೇ ವಸ್ತು! ಮೀನು ಸತ್ತ ಮೇಲೆ ಸೂಕ್ಷ್ಮಜೀವಿಗಳು ಅದನ್ನು ಅಮೋನಿಯವಾಗಿ ಮಾರ್ಪಡಿಸುವುವು. ಕೊಟ್ಟಿಗೆಯಲ್ಲಿ ಗಂಜಲವು ನಿಂತು ಕೊಳೆತಾಗ ಮೂಗಿಗೆ ಬಡಿಯುವ ಘಾಟೂ ಹಳಸಿದ ತಾಟೆಮೀನಿನ ಘಾಟೂ ಒಂದೇ.

ಸಾಧಾರಣ ಮೀನುಗಳಿಗಿರುವ ಗಾಳಿಚೀಲವು ಇದಕ್ಕಿಲ್ಲ. ಎಣ್ಣೆ ತುಂಬಿದ ದೊಡ್ಡ ಪಿತ್ತಜನಕಾಂಗವೇ ಇದನ್ನು ಹಗುರಗೊಳಿಸುತ್ತದೆ. ಈ ಎಣ್ಣೆಯೇ ಶಾರ್ಕಿಗೆ ಮುಳುವಾಯಿತು. ಇರುಳುಗುರುಡನ್ನು ತಡೆಯುವ ಎ ಜೀವಸತ್ವವು ಇದರಲ್ಲಿ ಅಧಿಕ. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಕಾಡ್ ಮೀನಿನ ಎಣ್ಣೆಯು ದುರ್ಲಭವಾಗಲು, ನಮ್ಮ ಪಶ್ಚಿಮ ಕರಾವಳಿಯಲ್ಲಿಯೂ ಶಾರ್ಕಿನ ಎಣ್ಣೆಯನ್ನು ತೆಗೆಯತೊಡಗಿದರು. ಅಮೆರಿಕದ ಕ್ಯಾಲಿಫೋರ್ನಿಯ ತೀರದಲ್ಲಿ ಸೂಪ್‌ಫಿನ್ ಎಂಬ ಜಾತಿಯ ಬೇಟೆಯು 1939ರಲ್ಲಿ 4,000 ಟನ್ನುಗಳನ್ನು ಮೀರಿತು. 1944ರ ವೇಳೆಗೆ 300 ಟನ್ನು ಸಹ ದೊರೆಯಲಿಲ್ಲ. ದೋಣಿಗಳಿಗೂ ಬಲೆಗಳಿಗೂ ಕೊರತೆಯಿರಲಿಲ್ಲ, ಮೀನೇ ಇರಲಿಲ್ಲ. ಆಮೇಲೆ ಜೀವಸತ್ವವನ್ನು ರಸಾಯನಶಾಲೆಗಳಲ್ಲಿಯೇ ತಯಾರಿಸಲಾರಂಭಿಸಿದ್ದರಿಂದ ಆ ಎಣ್ಣೆಯನ್ನು ಕೇಳುವವರು ಕಡಮೆಯಾದರು.

ಐದು ವರ್ಷಗಳಲ್ಲಿ ಹೀಗಾದುದಕ್ಕೆ ಕಾರಣವು ಅದರ ಸಂತಾನಕ್ರಮದಲ್ಲಿದೆ. ಅನೇಕ ಮೀನುಗಳು ಲಕ್ಷಗಟ್ಟಲೆ ತತ್ತಿಗಳನ್ನು ನೀರಿನಲ್ಲಿ ಚೆಲ್ಲುವುವು. ಒಂದು ವರ್ಷ ಹೆಚ್ಚಾಗಿ ಹಿಡಿದರೂ ಮುಂದೆ ಚೇತರಿಸಿಕೊಳ್ಳಬಹುದು. ಶಾರ್ಕಿನ ರೀತಿಯು ದನಗಳ ರೀತಿಗೆ ಹೆಚ್ಚು ಹತ್ತಿರ. ಬಹುಪಾಲು ಜಾತಿಗಳು ಮರಿಗಳನ್ನೇ ಈಯುವುವು, ಅದೂ ಕೆಲವನ್ನೇ. ಎಮ್ಮೆಯ ಗರ್ಭವು ಹತ್ತು ತಿಂಗಳಿನದಾದರೆ ಡಾಗ್‌ಫಿಷ್ ಎಂಬ ಸಣ್ಣ ಶಾರ್ಕಿನದು ಹೆಚ್ಚುಕಡಮೆ ಎರಡು ವರ್ಷಗಳದು. ಸ್ಯಾಂಡ್ ಟೈಗರ್ ಎಂಬ ಜಾತಿಯಲ್ಲಿ, ಎರಡು ಗರ್ಭಕೋಶಗಳ ಒಂದೊಂದರಲ್ಲಿಯೂ ಮೊದಲು ಬೆಳೆದ ಮರಿಯು ಒಡಹುಟ್ಟಿದವನ್ನೆಲ್ಲ ತಿಂದುಬಿಡುವುದರಿಂದ ಒಂದು ಸೂಲಿಗೆ ಎರಡೇ ಮರಿಗಳು. 1995ರಲ್ಲಿ ತೈವಾನಿನಲ್ಲಿ ಸಿಕ್ಕ ತಿಮಿಂಗಿಲ ಶಾರ್ಕಿನ ಗರ್ಭದಲ್ಲಿ ಸುಮಾರು 300 ಮರಿಗಳಿದ್ದುದು ಅಪರೂಪದ ಮಾತು. ಉತ್ತರ ಸಮುದ್ರಗಳ ಗ್ರೀನ್‌ಲೆಂಡ್ ಶಾರ್ಕು ಪ್ರಾಯಕ್ಕೆ ಬರಲು ಸುಮಾರು 150 ವರ್ಷಗಳು ಹಿಡಿಯುವುವೆಂದು 2016ರಲ್ಲಿ ಪ್ರಕಟವಾದ ಸಂಶೋಧನೆಯು ಅಂದಾಜುಮಾಡಿದೆ. ಗಬ್ಬದ ಹಸುಗಳನ್ನೂ ಕಡಸುಗಳನ್ನೂ ಮಾರಿ ಹಾಲಿನ ವ್ಯಾಪಾರವನ್ನು ನಡೆಸುತ್ತೇನೆಂಬ ಯಜಮಾನನ ಲೆಕ್ಕವು ಎಷ್ಟು ಕಾಲ ನಿಲ್ಲುವುದೆಂಬುದನ್ನು ಭೂಮಾಲೀಕರಿಗೆ ನಾನು ಹೇಳಬೇಕಾಗಿಲ್ಲ.

ಗುಜರಾತಿನ ಕರಾವಳಿಯಲ್ಲಿ ಮರದ ದೋಣಿಗಳಿಗೆ ಎಣ್ಣೆ ಬಳಿಯುವುದಕ್ಕೂ ಮಾಂಸಕ್ಕೂ ತಿಮಿಂಗಿಲ ಶಾರ್ಕನ್ನು ಕೊಲ್ಲುತ್ತಿದ್ದರು. 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಇದು ಸೇರಿತು. 2004ರಿಂದ ಅಲ್ಲಿ ನಡೆದ ಪ್ರಚಾರದ ಫಲವಾಗಿ, ಹಿಂದೆ ಬೇಟೆಯಾಡಿದ ಬೆಸ್ತರೇ ಬಲೆಯನ್ನು ಕತ್ತರಿಸಿ ಅದನ್ನು ಬಿಡುವವರಾದರು. ಹರಿದ ಬಲೆಗೆ ಪರಿಹಾರದ ಏರ್ಪಾಡೂ ಆಯಿತು. ಈ ಏರ್ಪಾಡಿಲ್ಲದೆ ಬರಿಯ ಕಾನೂನಿನಿಂದ ಕೆಲಸವಾಗುತ್ತಿತ್ತೆಂದು ನನಗೆ ತೋರುವುದಿಲ್ಲ; ಬಡವನಿಗೆ ಬಲೆಯೇ ಎತ್ತಿನ ಜೋಡಿ.

ಕರಾವಳಿಯ ಗ್ರಾಮಮುಖ್ಯರು ತಮ್ಮ ಊರಿನ ಬೆಸ್ತರಿಗೆ ಈ ಎರಡು ಸಂಗತಿಗಳನ್ನು ತಿಳಿಯಪಡಿಸಬೇಕಾಗಿ ಕೋರುತ್ತೇನೆ. ಮೈಮೇಲೆ ಬಿಳಿಯ ಚುಕ್ಕೆಗಳುಳ್ಳ ಈ ದೊಡ್ಡ ಶಾರ್ಕನ್ನು ಕೊಲ್ಲುವುದು ದಂಡನಾರ್ಹ ಅಪರಾಧ. ಶಾರ್ಕಿನ ರೆಕ್ಕೆಗಳನ್ನು ಹೊರದೇಶಕ್ಕೆ ಕಳುಹಿಸುವುದನ್ನು 2015ರಲ್ಲಿ ಭಾರತ ಸರಕಾರವು ನಿಷೇಧಿಸಿದೆಯಾದ್ದರಿಂದ, ರೆಕ್ಕೆಗಳಿಗೆ ಮುಂಗಡ ಕೊಡಲು ಬರುವ ದಲ್ಲಾಳಿಗಳ ಮಾತಿಗೆ ಮರುಳಾಗಬಾರದು.