ಮುಪ್ಪನ್ನು ಗೆದ್ದವರ ಕಥೆ ಗೊತ್ತು, ಮುಪ್ಪನ್ನು ದಾನ ಪಡೆದವರ ಕಥೆ ಗೊತ್ತೇ?

ಹ್ಯಾರಿ ಪಾಟರ್ ಓದಿದ್ದೀರಾ? ಅದರಲ್ಲಿ ನಿಕೋಲಸ್ ಫ್ಲಾಮೆಲ್ ಎಂಬ ರಸವಾದಿ ಬರುತ್ತಾನೆ. ಅವನ ವಯಸ್ಸೆಷ್ಟು, ಹೇಳಿ ನೋಡೋಣ? ನೂರಲ್ಲ. ಇನ್ನೂರೂ ಅಲ್ಲ. 665! ಹೆಂಡತಿಗೆ 658! ಗಂಡನ ಕೈಯಲ್ಲೊಂದು ಕಲ್ಲು, ಆ ಕಲ್ಲಿನಿಂದ ತೆಗೆದ ಅಮೃತ. ಸಾವು ಹತ್ತಿರ ಸುಳಿಯುವಂತಿಲ್ಲ!

ಅದೇ ಕಥೆಯ ವೋಲ್ಡೆಮಾರ್ಟ್ ಸಾಯಬಾರದೆಂದು ತನ್ನ ಆತ್ಮವನ್ನೇ ಚೂರು ಮಾಡಿ ಅಡಗಿಸಿಟ್ಟ. ನಮ್ಮ ಯಯಾತಿ ಏನು ಕಡಿಮೆ? ಮುಪ್ಪು ಮೈಗೇರಿದ್ದೇ ತಡ, ಮಗ ಪುರುವಿನ ಯೌವನವನ್ನೇ ಕೇಳಿ ಪಡೆದ!

ಎಲ್ಲರದೂ ಒಂದೇ ಹಟ. ನನಗೆ ಇನ್ನಷ್ಟು ಬೇಕು!

ಈಗ ತಿರುವುಮುರುವು ಕಥೆ ಕೇಳಿ. ಇಲ್ಲಿ ಒಬ್ಬರು ತಮ್ಮ ಆಯುಸ್ಸನ್ನು ತೆಗೆದು ಇನ್ನೊಬ್ಬರಿಗೆ ಕೊಟ್ಟರು. ಎಷ್ಟು ವರ್ಷ? ತಡೆಯಿರಿ, ಹೇಳುತ್ತೇನೆ. ಕೊಟ್ಟವರು, ಪಡೆದವರು, ಕೊಡಿಸಿದವರು ಮೂವರೂ ಯಾವ ಸೀಮೆಯವರು ಗೊತ್ತೇ? ನಮ್ಮ ರಾಯಚೂರು ಸೀಮೆಯವರು!

ಕೊಡಿಸಿದವರು ವಿಜಯದಾಸರು. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವರು. ಪಡೆದವರು ಮಾನ್ವಿ ಸೀಮೆಯದೇ ಬ್ಯಾಗವಾಟದ ಶ್ರೀನಿವಾಸಾಚಾರ್ಯರು. ದೊಡ್ಡ ಸಂಸ್ಕೃತ ಪಂಡಿತರು! ಕನ್ನಡದಲ್ಲಿ ಹಾಡಿ ಕುಣಿಯುವ ದಾಸರೆಂದರೆ ಅವರಿಗೆ ತಾತ್ಸಾರ.

ವಿಜಯದಾಸರು ಮಾನ್ವಿಗೆ ಬಂದಾಗ ಈ ಪಂಡಿತರನ್ನು ಊಟಕ್ಕೆ ಕರೆದರಂತೆ. ಪಂಡಿತರು ನೆಪ ಹೇಳಿದರು. ಹೊತ್ತು ಮೀರಿ ಉಂಡರೆ ಹೊಟ್ಟೆನೋವು ಬರುತ್ತದೆ! ಹಾಗೇ ಆಗಲಿ ಎಂದರು ದಾಸರು.

ಹಾಗೇ ಆಯಿತು! ಆಡಿದ ಸುಳ್ಳು ನಿಜವಾಗಿ ಹೊಟ್ಟೆಯೊಳಗೆ ಕೂತಿತು! ಅನ್ನ ಸೇರದು, ನಿದ್ದೆ ಹತ್ತದು. ಮಂತ್ರಾಲಯ, ತಿರುಪತಿ, ಎಲ್ಲಿ ಹೋದರೂ ನೋವು ಬಿಡಲಿಲ್ಲ. ಕೊನೆಗೆ ಬಂದು ಬಿದ್ದದ್ದು ಅದೇ ವಿಜಯದಾಸರ ಕಾಲಿಗೆ. ಅವರೋ, ಶಿಷ್ಯನ ಕಡೆ ಬೊಟ್ಟು ಮಾಡಿದರು. ಗೋಪಾಲದಾಸರ ಬಳಿ ಹೋಗು!

ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಅವರು ಕೊಟ್ಟ ಮದ್ದು ಯಾವುದು, ಊಹಿಸಿ! ಪಾದರಸವೇ? ಭಸ್ಮವೇ? ಗುಹೆಯೊಳಗಿನ ಬೇರೇ?

ಜೋಳದ ರೊಟ್ಟಿ!

ಹೌದು, ನಮ್ಮ ಮನೆಯ ಅದೇ ಬಿಳಿ ಜೋಳದ ರೊಟ್ಟಿ! ಧನ್ವಂತರಿಯನ್ನು ನೆನೆದು, ಮಂತ್ರಿಸಿ ಕೊಟ್ಟರು. ಒಂದು ಅಗುಳೂ ದಕ್ಕದ ಹೊಟ್ಟೆಗೆ ರೊಟ್ಟಿ ದಕ್ಕಿತು! ಆಗ ಅವರು ಧನ್ವಂತರಿಗೆ ಮೊರೆಯಿಟ್ಟು ಕಟ್ಟಿದರೆನ್ನುವ ಹಾಡನ್ನು ಕಾಯಿಲೆ ಬಿದ್ದವರಿಗಾಗಿ ಇಂದಿಗೂ ಹಾಡುತ್ತಾರೆ.

ನೋವೇನೋ ಹೋಯಿತು. ಆದರೆ ಪಂಡಿತರಿಗಿದ್ದದ್ದು ಅಲ್ಪಾಯುಸ್ಸು. ಗುರುವಿನ ಅಪ್ಪಣೆಯಾಯಿತು. ಗೋಪಾಲದಾಸರು ತಮ್ಮ ಆಯುಸ್ಸಿನಿಂದ ಎತ್ತಿ ಕೊಟ್ಟರು. ಒಂದಲ್ಲ, ಹತ್ತಲ್ಲ, 40 ವರ್ಷ!

ದಾಸಪರಂಪರೆಯ ಮಾತಿದು. ಮೈ ಜುಮ್ಮೆನ್ನುವುದು ಇಸವಿಗಳನ್ನು ಪಕ್ಕಪಕ್ಕ ಇಟ್ಟಾಗ!

ಗೋಪಾಲದಾಸರು ಹುಟ್ಟಿದ್ದು 1722ರಲ್ಲಿ, ತೀರಿಕೊಂಡದ್ದು 1762ರಲ್ಲಿ. ಬದುಕಿದ್ದೆಷ್ಟು? ಸರಿಯಾಗಿ 40! ಪಡೆದವರು ಹುಟ್ಟಿದ್ದು 1728ರಲ್ಲಿ, ತೀರಿಕೊಂಡದ್ದು 1809ರಲ್ಲಿ. 81! ದಾನ ನಡೆಯದಿದ್ದರೆ ಅವರಿಗೆ 80, ಇವರಿಗೆ 41. ನಡೆದ ಮೇಲೆ ಅವರಿಗೆ 40, ಇವರಿಗೆ 81. ತಕ್ಕಡಿಯ ತಟ್ಟೆಗಳನ್ನು ಅದಲುಬದಲು ಮಾಡಿದ ಹಾಗೆ!

ಇನ್ನೂ ಒಂದಿದೆ. ವಿಜಯದಾಸರು ತೀರಿಕೊಂಡದ್ದು 1755ರಲ್ಲಿ. ಅಪ್ಪಣೆ ಅವರದೇ ಆದ್ದರಿಂದ ದಾನ ಅದಕ್ಕೂ ಮೊದಲೇ ಆಗಿರಬೇಕು. ಅಂದರೆ ಕೊಡುವಾಗ ಗೋಪಾಲದಾಸರಿಗೆ 33 ಮೀರಿರಲಿಲ್ಲ! ಪಡೆದವರಿಗೆ 27 ದಾಟಿರಲಿಲ್ಲ. ಇಬ್ಬರೂ ಹುಡುಗರು ಕಣ್ರೀ!

ಫ್ಲಾಮೆಲ್ ಸಾವನ್ನು ದೂರವಿಟ್ಟ, ಯಯಾತಿ ಮುಪ್ಪನ್ನು ಮಗನ ಮೇಲೆ ಹೇರಿದ. ಇಲ್ಲಿ ಮುಪ್ಪೇ ದಾನದ ವಸ್ತು! ನರೆಗೂದಲು ಕಾಣುವ ಭಾಗ್ಯವನ್ನೇ ಒಬ್ಬರು ಇನ್ನೊಬ್ಬರಿಗೆ ಬಿಟ್ಟುಕೊಟ್ಟರು. ಜಗತ್ತಿನ ಯಾವ ಮಾಯಾವಿಯ ಕಥೆಯೂ ನನಗೆ ಇದರಷ್ಟು ದೊಡ್ಡದೆನಿಸಿಲ್ಲ.

ಆ ವರ್ಷಗಳಲ್ಲಿ ಪಂಡಿತರು ಮಾಡಿದ್ದೇನು? ಕನ್ನಡವೆಂದರೆ ಮೂಗು ಮುರಿದವರು ಪಂಢರಪುರದಲ್ಲಿ ‘ಜಗನ್ನಾಥ ವಿಠಲ’ ಎಂಬ ಅಂಕಿತ ಪಡೆದರು. ಜಗನ್ನಾಥದಾಸರಾದರು! ಭಾಮಿನಿ ಷಟ್ಪದಿಯಲ್ಲಿ 32 ಸಂಧಿಗಳ ‘ಹರಿಕಥಾಮೃತಸಾರ’ ಬರೆದರು! ಅದು ಹುಟ್ಟಿದ್ದು ದಾನವಾಗಿ ಬಂದ ಆಯುಸ್ಸಿನಿಂದ!

ಮಾನ್ವಿಯಲ್ಲಿ ಅವರ ಸನ್ನಿಧಾನವಿದೆಯೆಂದು ಜನ ಕೈಮುಗಿಯುವ ಕಂಬ ಇಂದಿಗೂ ಇದೆ. ಆರಾಧನೆ ಭಾದ್ರಪದ ಶುದ್ಧ ನವಮಿಗೆ. ರಾಯಚೂರಿನಿಂದ ಮಾನ್ವಿ ದೂರವೇನಲ್ಲ, ಬಸ್ಸುಗಳಿವೆ. ಈ ಸಲ ಹೋಗಿ ಬನ್ನಿ. ಹಾಗೆಯೇ ದೇವದುರ್ಗದ ಕಡೆ ತಿರುಗಿ ಮೊಸರಕಲ್ಲನ್ನೂ ನೋಡಿ ಬನ್ನಿ, ಕೊಟ್ಟವರ ಊರದು!